ಸೇಚೋ ಮಾತ್ಸುಮೊತೊ: ಪದೇ ಪದೇ ಕೇಳುವ ಪ್ರಶ್ನೆಗಳು

ಜಪಾನಿ ಪತ್ತೇದಾರಿ ಕಾದಂಬರಿಗಳ ರುಚಿ ಹತ್ತಿದವರು ಇವತ್ತಲ್ಲ ನಾಳೆ ಸೇಚೋ ಮಾತ್ಸುಮೊತೊ ಹತ್ತಿರ ಬಂದೇ ಬರುತ್ತಾರೆ. ಬಂದವರು ಕೇಳುವ ಪ್ರಶ್ನೆಗಳೂ ಹೆಚ್ಚು ಕಡಿಮೆ ಒಂದೇ. ಅವುಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಕೊಲೆಗಾರ ಯಾರು ಅನ್ನುವುದನ್ನು ಎಲ್ಲೂ ಹೇಳಿಲ್ಲ. ಒಂದು ಕಡೆ ಮಾತ್ರ ಕಥೆಯ ಗುಟ್ಟಿನ ಹತ್ತಿರ ಹೋಗಬೇಕಾಯಿತು, ಅಲ್ಲಿ ಮೊದಲೇ ಎಚ್ಚರಿಸಿದ್ದೇನೆ.

ಮಾತ್ಸುಮೊತೊ ಯಾರು? ಒಂದೆರಡು ಮಾತಿನಲ್ಲಿ ಹೇಳಬಹುದಾ?

ಯುದ್ಧದ ನಂತರದ ಜಪಾನಿನಲ್ಲಿ ಪತ್ತೇದಾರಿ ಕಾದಂಬರಿಯ ದಿಕ್ಕನ್ನೇ ಬದಲಿಸಿದವರು. ಹುಟ್ಟಿದ್ದು 1909ರ ಡಿಸೆಂಬರ್‌ನಲ್ಲಿ, ತೀರಿಕೊಂಡದ್ದು 1992ರ ಆಗಸ್ಟ್ 4ರಂದು. ಮೊದಲ ಕಥೆ ಅಚ್ಚಾದಾಗ ವಯಸ್ಸು ನಲವತ್ತು ದಾಟಿತ್ತು. ಆಮೇಲಿನ ನಲವತ್ತು ವರ್ಷಗಳಲ್ಲಿ ಕಾದಂಬರಿ, ಸಣ್ಣಕಥೆ, ಇತಿಹಾಸ, ತನಿಖಾ ಬರಹ, ಪ್ರಬಂಧ ಎಲ್ಲ ಸೇರಿ ಸಾವಿರದ ಹತ್ತಿರ ಬರೆದರು. ಅವರ ಸಮಗ್ರ ಕೃತಿಗಳ ಶ್ರೇಣಿಯೇ 66 ಸಂಪುಟ. ಅದರಲ್ಲೂ ಎಲ್ಲವೂ ಸೇರಿಲ್ಲ.

ಇನ್ನೊಂದು ಸಂಗತಿ ನನ್ನನ್ನು ಬಹಳ ಕಾಡುತ್ತದೆ. ಪ್ರಸಿದ್ಧ ಲೇಖಕ ಒಸಾಮು ದಜಾಯ್ ಹುಟ್ಟಿದ್ದೂ 1909ರಲ್ಲೇ. ದಜಾಯ್ ತನ್ನ ಎಲ್ಲ ಕೃತಿಗಳನ್ನು ಬರೆದು ಮುಗಿಸಿ 1948ರಲ್ಲಿ ತೀರಿಕೊಂಡರು. ಆಗ ಮಾತ್ಸುಮೊತೊ ಅವರ ಹೆಸರನ್ನು ಲೇಖಕ ಎಂದು ಯಾರೂ ಕೇಳಿಯೇ ಇರಲಿಲ್ಲ.

ಅವರು ಎಷ್ಟು ಓದಿದ್ದರು?

ಹಿರಿಯ ಪ್ರಾಥಮಿಕ ಶಾಲೆಯವರೆಗೆ, ಅಷ್ಟೇ. ಊರು ಕ್ಯೂಷೂ ದ್ವೀಪದ ಉತ್ತರ ತುದಿಯ ಕೊಕುರ. ಈಗ ಅದು ಕಿತಾಕ್ಯೂಷೂ ನಗರದೊಳಗೆ ಸೇರಿಹೋಗಿದೆ. ಅಪ್ಪ ಒಂದು ಕೆಲಸದಲ್ಲಿ ನಿಂತವರಲ್ಲ. ಬಡತನ ಮನೆ ಬಿಟ್ಟು ಹೋಗಲೇ ಇಲ್ಲ. ಇಬ್ಬರು ಅಕ್ಕಂದಿರು ಕೂಸಾಗಿದ್ದಾಗಲೇ ಹೋಗಿದ್ದರು. ಉಳಿದದ್ದು ಇವರೊಬ್ಬರೇ.

1924ರಲ್ಲಿ ಒಂದು ವಿದ್ಯುತ್ ಸಲಕರಣೆ ಕಂಪನಿಯಲ್ಲಿ ಆಫೀಸ್ ಹುಡುಗನಾಗಿ ಸೇರಿದರು. ಕಾಗದ ತಲುಪಿಸುವುದು, ಹೇಳಿದ ಕೆಲಸಕ್ಕೆ ಓಡುವುದು. ಅದು ಹೋದ ಮೇಲೆ ಪ್ರೆಸ್ಸಿನಲ್ಲಿ ಕಲ್ಲಚ್ಚಿನ ಕೆಲಸ ಕಲಿತರು. ಜಾಹೀರಾತಿಗೆ ಅಕ್ಷರ ಬಿಡಿಸುವ ಕೈ ಅಲ್ಲೇ ಪಳಗಿತು. ಶಾಲೆಯಲ್ಲಿ ಜತೆಗಿದ್ದ ಹುಡುಗರು ಮುಂದಿನ ತರಗತಿಯ ಸಮವಸ್ತ್ರದಲ್ಲಿ ಎದುರಾದಾಗ ಆಗುತ್ತಿದ್ದ ಸಂಕಟವನ್ನು ದೊಡ್ಡವರಾದ ಮೇಲೂ ಮರೆಯಲಿಲ್ಲ. 'ಹಾನ್ಸೆಯ್ ನೊ ಕಿ' ಅನ್ನುವ ಅವರ ಆತ್ಮಕಥನ ಈ ದಿನಗಳದ್ದೇ. ಅದರಲ್ಲಿ ಗೆದ್ದ ಕಥೆ ಇಲ್ಲ.

ಅವರನ್ನು ಪೊಲೀಸರು ಹಿಡಿದಿದ್ದರಂತೆ, ನಿಜವಾ?

ನಿಜ. 1929ರಲ್ಲಿ, ಹತ್ತೊಂಬತ್ತನೇ ವಯಸ್ಸಿನಲ್ಲಿ. ಕಾರ್ಮಿಕ ಸಾಹಿತ್ಯದ ಪತ್ರಿಕೆಗಳನ್ನು ಗೆಳೆಯರ ಜತೆ ಹಂಚಿಕೊಂಡು ಓದುತ್ತಿದ್ದರು. ಎಡಪಂಥೀಯರ ಬೇಟೆ ನಡೆದಿದ್ದ ಕಾಲ ಅದು. ಇವರನ್ನೂ ಕೆಲವು ದಿನ ಠಾಣೆಯಲ್ಲಿ ಕೂರಿಸಿದರು. ಹೆದರಿದ ಅಪ್ಪ ಮನೆಯಲ್ಲಿದ್ದ ಪುಸ್ತಕಗಳನ್ನೆಲ್ಲ ಸುಟ್ಟುಬಿಟ್ಟರು. ಓದಬಾರದು ಅಂತಲೂ ಹೇಳಿದರು.

ಲೇಖಕರಾಗುವ ಮೊದಲು ಏನು ಮಾಡುತ್ತಿದ್ದರು?

1937ರಿಂದ ಅಸಾಹಿ ಪತ್ರಿಕೆಯ ಕೊಕುರ ಕಚೇರಿಗೆ ಜಾಹೀರಾತು ಬಿಡಿಸಿಕೊಡುತ್ತಿದ್ದರು, ಮೊದಲು ಗುತ್ತಿಗೆಯ ಮೇಲೆ. ಖಾಯಂ ಆದದ್ದು 1943ರಲ್ಲಿ. ಟೋಕಿಯೋದಿಂದ ಬಂದ ಪದವೀಧರರದ್ದು ಒಂದು ಪಂಕ್ತಿ, ಸ್ಥಳೀಯವಾಗಿ ಸೇರಿಕೊಂಡವರದ್ದು ಇನ್ನೊಂದು ಪಂಕ್ತಿ. ಎಷ್ಟು ಚೆನ್ನಾಗಿ ಕೆಲಸ ಮಾಡಿದರೂ ಮೇಲೆ ಹೋಗುವ ದಾರಿ ಇರಲಿಲ್ಲ. ಕಚೇರಿಯ ಈ ಮೆಟ್ಟಿಲುಗಳನ್ನು ಅವರು ಕೆಳಗಿನಿಂದ ನೋಡಿದ್ದರು. ಮುಂದೆ ಅವರ ಕಾದಂಬರಿಗಳ ತುಂಬಾ ಬರುವ ಸಹಾಯಕ ವಿಭಾಗಾಧಿಕಾರಿಗಳು, ಗುಮಾಸ್ತರು, ಬಡ್ತಿಯ ಆಸೆಗೆ ಬಾಯಿ ಮುಚ್ಚಿಕೊಂಡವರು, ಮೇಲಿನವರ ತಪ್ಪಿಗೆ ಪ್ರಾಣ ಕೊಟ್ಟವರು ಎಲ್ಲ ಇಲ್ಲಿಂದ ಬಂದವರು ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ.

ಯುದ್ಧ ಬಂತು. ಸೈನ್ಯಕ್ಕೆ ಕರೆ ಬಂದು ಕೊರಿಯಾಕ್ಕೆ ಹೋದರು. ಅಲ್ಲಿ ವೈದ್ಯಕೀಯ ದಳದ ಸಿಪಾಯಿ. 1945ರ ಆಗಸ್ಟ್ 9ರಂದು ಅಣುಬಾಂಬ್ ಹೊತ್ತು ಬಂದ ವಿಮಾನದ ಮೊದಲ ಗುರಿ ಇವರ ಕೊಕುರವೇ ಆಗಿತ್ತು. ಮೇಲಿನಿಂದ ಊರು ಸರಿಯಾಗಿ ಕಾಣದೆ ವಿಮಾನ ನಾಗಸಾಕಿಗೆ ಹೋಯಿತು.

ವಾಪಸ್ ಬಂದಾಗ ಕೆಲಸ ಇತ್ತು, ಆದರೆ ಸಂಬಳ ಸಾಲುತ್ತಿರಲಿಲ್ಲ. ಅಪ್ಪ, ಅಮ್ಮ, ಹೆಂಡತಿ ನಾವೊ, ಮಕ್ಕಳು, ಎಲ್ಲರ ಹೊಟ್ಟೆ ತುಂಬಬೇಕು. ಆಗ ಪೊರಕೆ ಮಾರಾಟಕ್ಕೆ ಇಳಿದರು. ರಜೆ ಸಿಕ್ಕಾಗೆಲ್ಲ ಕಿಕ್ಕಿರಿದ ರೈಲು ಹತ್ತಿ ಹಿರೋಶಿಮಾ, ಒಸಾಕಾ, ಕ್ಯೋತೋ ಕಡೆ ಹೋಗಿ ಅಂಗಡಿಗಳಲ್ಲಿ ಆರ್ಡರ್ ಹಿಡಿಯುತ್ತಿದ್ದರು. ಅವರ ಕಥೆಗಳಲ್ಲಿ ರೈಲು, ಸಣ್ಣ ಸ್ಟೇಷನ್ನು, ಅಗ್ಗದ ವಸತಿಗೃಹ ಇವೆಲ್ಲ ಅಷ್ಟು ಸಲೀಸಾಗಿ ಬರುವುದಕ್ಕೆ ಈ ತಿರುಗಾಟವೂ ಒಂದು ಕಾರಣ.

ಹಾಗಾದರೆ ಬರೆಯಲು ಶುರು ಮಾಡಿದ್ದು ಹೇಗೆ?

ದುಡ್ಡಿಗಾಗಿ. ಅದನ್ನು ಅವರು ಮುಚ್ಚಿಟ್ಟಿಲ್ಲ. 1950ರಲ್ಲಿ ಅಸಾಹಿ ವಾರಪತ್ರಿಕೆ ಕಥಾಸ್ಪರ್ಧೆ ಇಟ್ಟಿತು. ವಿಶ್ವಕೋಶದಲ್ಲಿ ಕಣ್ಣಿಗೆ ಬಿದ್ದ ಒಂದು ವಿಷಯ ಹಿಡಿದು 'ಸಾಯ್ಗೋ ಸಾತ್ಸು' ಬರೆದರು. 1877ರಲ್ಲಿ ಸರ್ಕಾರದ ವಿರುದ್ಧ ನಡೆದ ಬಂಡಾಯದಲ್ಲಿ, ಅದರ ನಾಯಕ ಸಾಯ್ಗೋ ತಕಮೋರಿಯ ಪಡೆ ಅಚ್ಚು ಹಾಕಿಸಿದ ನೋಟುಗಳ ಕಥೆ ಅದು. ಬಂಡಾಯ ಸೋತಿತು, ನೋಟು ಬರೀ ಕಾಗದವಾಯಿತು. ಆದರೂ ಅದರಿಂದ ದುಡ್ಡು ಮಾಡಲು ಹೊರಟವರ ಪಾಡೇನು ಅನ್ನುವುದು ವಸ್ತು. ಸ್ಪರ್ಧೆಯಲ್ಲಿ ಮೂರನೇ ಬಹುಮಾನ ಬಂತು. ಅಚ್ಚಾದ ಮೇಲೆ, ಜನಪ್ರಿಯ ಸಾಹಿತ್ಯಕ್ಕೆ ಕೊಡುವ ನಾವೊಕಿ ಪ್ರಶಸ್ತಿಯ ಪಟ್ಟಿಯಲ್ಲೂ ಹೆಸರು ಬಂತು.

ಪತ್ತೇದಾರಿ ಲೇಖಕರಿಗೆ ಅಕುತಗಾವ ಪ್ರಶಸ್ತಿ ಸಿಕ್ಕಿದ್ದು ಹೇಗೆ? ಅದು ಶುದ್ಧ ಸಾಹಿತ್ಯಕ್ಕೆ ಕೊಡುವುದು ಅಲ್ವಾ?

ಹೌದು, ಆಗ ಅವರಿನ್ನೂ ಪತ್ತೇದಾರಿ ಲೇಖಕರಾಗಿರಲಿಲ್ಲ. 1953ರ ಆರಂಭದಲ್ಲಿ ಪ್ರಶಸ್ತಿ ಬಂದದ್ದು 'ಅರು ಕೊಕುರ ನಿಕ್ಕಿ ದೆನ್' ಕಥೆಗೆ. ಅದು ಮೊದಲು ಪರಿಶೀಲನೆಗೆ ಹೋಗಿದ್ದು ಜನಪ್ರಿಯ ಸಾಹಿತ್ಯದ ನಾವೊಕಿ ಪ್ರಶಸ್ತಿಗೆ. ಅಲ್ಲಿಂದ ಅಕುತಗಾವಕ್ಕೆ ವರ್ಗವಾಗಿ, ಅಲ್ಲಿ ಗೆದ್ದಿತು.

ದಯವಿಟ್ಟು ಈ ಕಥೆ ಓದಿ. ದೊಡ್ಡ ಲೇಖಕ ಮೋರಿ ಓಗಾಯ್ ಸೈನ್ಯದ ವೈದ್ಯನಾಗಿ 1899ರಿಂದ ಸುಮಾರು ಮೂರು ವರ್ಷ ಕೊಕುರದಲ್ಲಿದ್ದರು. ಆ ಕಾಲದ ಡೈರಿ ಕಳೆದುಹೋಗಿತ್ತು. ಕಥೆಯ ನಾಯಕನಿಗೆ ಕೈಕಾಲು ಸರಿಯಾಗಿ ಆಡುವುದಿಲ್ಲ, ಮಾತು ಬೇರೆಯವರಿಗೆ ತಿಳಿಯುವುದಿಲ್ಲ. ಅವನು ಓಗಾಯ್ ಅವರನ್ನು ಕಂಡವರನ್ನೆಲ್ಲ ಹುಡುಕಿಕೊಂಡು ಮನೆ ಮನೆ ಅಲೆದು, ಆ ಮೂರು ವರ್ಷಗಳನ್ನು ಚೂರು ಚೂರಾಗಿ ಕೂಡಿಸುತ್ತಾನೆ. ಅಮ್ಮ ಜತೆಗೆ ನಿಲ್ಲುತ್ತಾಳೆ. ಕೊನೆಗೆ ಅವನು ಸಾಯುತ್ತಾನೆ. ಸತ್ತ ಸ್ವಲ್ಪ ದಿನಕ್ಕೆ ನಿಜವಾದ ಡೈರಿ ಸಿಕ್ಕಿಬಿಡುತ್ತದೆ. ಡೈರಿ ಸಿಕ್ಕಿದ್ದು ವಾಸ್ತವದಲ್ಲೂ ನಡೆದ ಸಂಗತಿ, 1951ರಲ್ಲಿ. ಇಷ್ಟು ದುಡಿದವನ ಶ್ರಮ ವ್ಯರ್ಥವಾಯಿತಾ ಅನ್ನುವ ಪ್ರಶ್ನೆಯನ್ನು ಲೇಖಕರು ನಮ್ಮ ಕೈಗೇ ಬಿಟ್ಟು ಹೋಗುತ್ತಾರೆ.

ತೀರ್ಪುಗಾರರಲ್ಲಿ ಒಬ್ಬರಾಗಿದ್ದ ಸಕಗುಚಿ ಆಂಗೊ, ಈ ಬರವಣಿಗೆಗೆ ಕೊಲೆಗಾರನ ಬೆನ್ನು ಹತ್ತುವ ಶಕ್ತಿಯೂ ಇದೆ ಅಂತ ಆಗಲೇ ಬರೆದಿದ್ದರು. ಅವರ ಕಣ್ಣು ಎಷ್ಟು ಚುರುಕು ನೋಡಿ.

'ತೆನ್ ತೊ ಸೆನ್' ಬಗ್ಗೆ ಎಲ್ಲರೂ ಯಾಕೆ ಅಷ್ಟು ಮಾತಾಡುತ್ತಾರೆ?

ಅವರನ್ನು ಮನೆಮಾತು ಮಾಡಿದ ಪುಸ್ತಕ ಅದು. ಅರ್ಥ 'ಬಿಂದು ಮತ್ತು ರೇಖೆ'. 1957ರಿಂದ 58ರವರೆಗೆ 'ತಾಬಿ' ಅನ್ನುವ ಪ್ರವಾಸ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ಪ್ರವಾಸ ಪತ್ರಿಕೆಗೆ ತಕ್ಕಂತೆ ಕಥೆ ಪೂರ್ತಿ ರೈಲಿನ ಮೇಲೆ ಓಡುತ್ತದೆ. 1958ರಲ್ಲಿ ಪುಸ್ತಕವಾಗಿ ಬಂದಾಗ ಜನ ಮುಗಿಬಿದ್ದು ಕೊಂಡರು.

ಕ್ಯೂಷೂವಿನ ಕಾಶಿಯ್ ಕಡಲ ತೀರ. ಚಳಿಗಾಲದ ಬೆಳಗ್ಗೆ ಒಂದು ಗಂಡು, ಒಂದು ಹೆಣ್ಣು ಅಕ್ಕಪಕ್ಕ ಸತ್ತು ಬಿದ್ದಿದ್ದಾರೆ. ಅವನು ಲಂಚದ ಹಗರಣದಲ್ಲಿ ಸಿಕ್ಕಿಕೊಂಡ ಸರ್ಕಾರಿ ಇಲಾಖೆಯ ಅಧಿಕಾರಿ. ಅವಳು ಟೋಕಿಯೋದ ಒಂದು ಭೋಜನಗೃಹದಲ್ಲಿ ಬಡಿಸುವವಳು. ವಿಷ ಕುಡಿದಿದ್ದಾರೆ. ಪ್ರೇಮಿಗಳ ಆತ್ಮಹತ್ಯೆ ಅಂತ ಎಲ್ಲರೂ ಕೈ ತೊಳೆದುಕೊಳ್ಳುತ್ತಾರೆ. ಸವೆದ ಕೋಟಿನ ವಯಸ್ಸಾದ ಪತ್ತೇದಾರ ತೊರಿಗಾಯ್ ಮಾತ್ರ ಸತ್ತವನ ಜೇಬಿನಲ್ಲಿ ಸಿಕ್ಕ ರಸೀದಿ ನೋಡಿ ತಡೆಯುತ್ತಾನೆ. ರೈಲಿನ ಊಟದ ಬೋಗಿಯ ರಸೀದಿ. ಅದರಲ್ಲಿ ಒಬ್ಬರು ಅಂತ ಬರೆದಿದೆ. ಜತೆಯಲ್ಲಿ ಸಾಯಲು ಹೊರಟವರು ಜತೆಯಲ್ಲಿ ಊಟಕ್ಕೆ ಕೂರಲಿಲ್ಲವಾ? ಅವಳಿಗೆ ಹಸಿವಿಲ್ಲದಿದ್ದರೂ ಸುಮ್ನೆ ಅವನ ಎದುರು ಕೂರುತ್ತಿರಲಿಲ್ಲವಾ? ಮನೆಗೆ ಹೋಗಿ ಮಗಳನ್ನೂ ಕೇಳುತ್ತಾನೆ. ಇಡೀ ಕಾದಂಬರಿ ಈ ಸಣ್ಣ ಅನುಮಾನದ ಮೇಲೆ ನಿಂತಿದೆ.

ಇನ್ನೊಂದು ಪ್ರಸಿದ್ಧ ಸಂಗತಿ ಟೋಕಿಯೋ ಸ್ಟೇಷನ್ನಿನ ನಾಲ್ಕು ನಿಮಿಷ. ಸತ್ತವರಿಬ್ಬರೂ 15ನೇ ಪ್ಲಾಟ್‌ಫಾರ್ಮಿನಲ್ಲಿ 'ಅಸಕಾಜೆ' ರೈಲು ಹತ್ತಿದ್ದನ್ನು 13ನೇ ಪ್ಲಾಟ್‌ಫಾರ್ಮಿನಿಂದ ನೋಡಿದ ಸಾಕ್ಷಿಗಳಿದ್ದಾರೆ. ಆದರೆ ಮಧ್ಯದಲ್ಲಿ ರೈಲುಗಳು ಬಂದು ನಿಲ್ಲುತ್ತಲೇ ಇರುತ್ತವೆ. ಸಂಜೆ 5 ಗಂಟೆ 57 ನಿಮಿಷದಿಂದ 6 ಗಂಟೆ 1 ನಿಮಿಷದವರೆಗೆ ಮಾತ್ರ ಆ ಕಡೆ ನೋಟ ಹರಿಯುತ್ತದೆ. ಆ ನಾಲ್ಕು ನಿಮಿಷದಲ್ಲೇ ಸಾಕ್ಷಿಗಳು ಅಲ್ಲಿದ್ದದ್ದು ಆಕಸ್ಮಿಕವಾ? ಇದನ್ನು ಅಂದಿನ ನಿಜವಾದ ವೇಳಾಪಟ್ಟಿ ಹಿಡಿದು ಕಟ್ಟಿದ್ದಾರೆ. ಅಸಕಾಜೆ ಕೂಡ ಟೋಕಿಯೋದಿಂದ ಕ್ಯೂಷೂವಿನ ಹಕಾತಕ್ಕೆ ಓಡುತ್ತಿದ್ದ ನಿಜವಾದ ರಾತ್ರಿ ರೈಲು. 2005ರಲ್ಲಿ ಅದನ್ನು ನಿಲ್ಲಿಸಿದರು.

ಲೋಪ ಇಲ್ಲವಾ ಅಂದರೆ, ಇದೆ. ಪೊಲೀಸರಿಗೆ ಬೇಗ ಹೊಳೆಯಬೇಕಾದ ಒಂದು ವಿಷಯ ತೀರಾ ತಡವಾಗಿ ಹೊಳೆಯುತ್ತದೆ. ಓದುಗರು ಅವತ್ತಿನಿಂದಲೂ ಇದನ್ನು ಎತ್ತುತ್ತಲೇ ಇದ್ದಾರೆ. ಅವರ ಮಾತು ಸರಿಯೇ. ಆದರೂ ರಸೀದಿ ಹಿಡಿದು ಯೋಚಿಸುವ ಆ ಮುದುಕನಿಗಾಗಿ ನಾನು ಈ ಪುಸ್ತಕವನ್ನು ಮತ್ತೆ ಮತ್ತೆ ಓದುತ್ತೇನೆ.

'ಸಾಮಾಜಿಕ ಪತ್ತೇದಾರಿ' ಅಂದರೆ ಏನು?

ಮಾತ್ಸುಮೊತೊ ಬರೆದ ಬಗೆಗೆ ಬಿದ್ದ ಹೆಸರು ಅದು. ಅವರಿಗೂ ಮೊದಲು ಜಪಾನಿನಲ್ಲಿ ಎದೋಗಾವ ರಾಂಪೊ, ಯೊಕೊಮಿಜೊ ಸೇಶಿ ಅನ್ನುವ ಲೇಖಕರ ದಾರಿ ದೊಡ್ಡದಾಗಿತ್ತು. ಒಂಟಿ ಬಂಗಲೆ, ವಿಚಿತ್ರ ಕೊಲೆ, ಅತಿ ಜಾಣ ಪತ್ತೇದಾರ. ಅದರ ಸೊಗಸೇ ಬೇರೆ, ನನಗೂ ಇಷ್ಟ. ಮಾತ್ಸುಮೊತೊ ಪತ್ತೇದಾರಿ ಕಥೆಯನ್ನು ಆ ದೆವ್ವದ ಮನೆಯಿಂದ ಹೊರಗೆ, ನಿತ್ಯದ ಬದುಕಿಗೆ ತರಬೇಕು ಅಂದರು. ಹೇಗೆ ಕೊಂದ ಅನ್ನುವುದಕ್ಕಿಂತ ಯಾಕೆ ಕೊಂದ ಅನ್ನುವುದು ಅವರಿಗೆ ಮುಖ್ಯ. ಆ ಯಾಕೆ ಹಿಡಿದು ಹೋದರೆ ಲಂಚ, ಜಾತಕದಂತೆ ಅಂಟಿಕೊಂಡ ಹುಟ್ಟು, ಯುದ್ಧಕಾಲದ ಹಸಿವು, ಇಲಾಖೆಗಳ ಒಳಗಿನ ಹೊಂದಾಣಿಕೆ ಇವೆಲ್ಲ ಹೊರಬೀಳುತ್ತವೆ. ಅವರ ಪತ್ತೇದಾರರು ಬಸ್ಸಿಗೆ ಕಾಯುತ್ತಾರೆ, ಪ್ರಯಾಣದ ಖರ್ಚಿಗೆ ಮೇಲಧಿಕಾರಿಯ ಅನುಮತಿ ಕೇಳುತ್ತಾರೆ, ಎಷ್ಟೋ ಸಲ ಬರಿಗೈಯಲ್ಲಿ ವಾಪಸ್ ಬರುತ್ತಾರೆ.

ಹಾಗಂತ ಹಳಬರ ಜತೆ ಜಗಳವೇನೂ ಇರಲಿಲ್ಲ. ಅವರ 'ಜೀರೋ ನೊ ಶೋತೆನ್' ಕಾದಂಬರಿ ಶುರುವಾದ ಪತ್ರಿಕೆ ನಿಂತುಹೋದಾಗ ಅದನ್ನು ಮುಂದುವರಿಸಿದ್ದು ರಾಂಪೊ ನಡೆಸುತ್ತಿದ್ದ 'ಹೋಸೆಕಿ' ಪತ್ರಿಕೆಯೇ.

ಒಬ್ಬ ಮನುಷ್ಯ ಅಷ್ಟೊಂದು ಬರೆಯಲು ಹೇಗೆ ಸಾಧ್ಯ?

ಒಂದೇ ಕಾಲಕ್ಕೆ ಹಲವು ಪತ್ರಿಕೆಗಳಿಗೆ ಧಾರಾವಾಹಿ ಬರೆಯುತ್ತಿದ್ದರು. ಬರೆದು ಬರೆದು ಕೈ ಮರಗಟ್ಟಿತು. ಆಗ ಸ್ಟೆನೋಗ್ರಾಫರ್ ಒಬ್ಬರನ್ನು ಇಟ್ಟುಕೊಂಡು ಸುಮಾರು ಒಂಬತ್ತು ವರ್ಷ ಬಾಯಲ್ಲಿ ಹೇಳಿ ಬರೆಸಿದರು. ಬರೆದುಕೊಂಡು ಬಂದ ಪ್ರತಿಯನ್ನು ಆಮೇಲೆ ತಾವೇ ಕೂತು ತಿದ್ದುತ್ತಿದ್ದರು. ಇಷ್ಟು ಬರೆದ ಮೇಲೆ ಎಲ್ಲವೂ ಒಂದೇ ಮಟ್ಟದಲ್ಲಿರಲು ಆಗುತ್ತಾ? ಕೆಲವು ಕಾದಂಬರಿಗಳ ಕೊನೆ ಆತುರದಲ್ಲಿ ಮುಗಿಯುತ್ತದೆ, ಆಕಸ್ಮಿಕಗಳು ಜಾಸ್ತಿಯಾಗುತ್ತವೆ. ಸಣ್ಣಕಥೆಗಳಲ್ಲಿ ಈ ತೊಂದರೆ ಕಡಿಮೆ. ನನ್ನನ್ನು ಕೇಳಿದರೆ ಅವರ ಬಿಗಿಯಾದ ಬರವಣಿಗೆ ಇರುವುದು ಸಣ್ಣಕಥೆಗಳಲ್ಲೇ.

ಇನ್ನೊಂದು ಕಾರಣವನ್ನೂ ಮರೆಯಬಾರದು. ನಲವತ್ತರವರೆಗೆ ಸಮಯ ಕೈತಪ್ಪಿ ಹೋಗಿತ್ತು ಅನ್ನುವ ತಹತಹ ಅವರಲ್ಲಿತ್ತು. 1956ರಲ್ಲಿ ಅಸಾಹಿ ಬಿಟ್ಟ ಮೇಲೆ ಅವರು ಬಿಡುವು ತೆಗೆದುಕೊಂಡವರೇ ಅಲ್ಲ.

'ಸುನ ನೊ ಉತ್ಸುವ' ಓದಬಹುದಾ, ಸಿನಿಮಾ ನೋಡಿದರೆ ಸಾಕಾ? (ಇಲ್ಲಿ ಕಥೆಯ ಗುಟ್ಟಿನ ಅಂಚು ಬರುತ್ತದೆ)

ಎರಡೂ ಬೇಕು. 'ಮರಳಿನ ಪಾತ್ರೆ' ಅನ್ನುವ ಅರ್ಥದ ಈ ಕಾದಂಬರಿ 1960-61ರಲ್ಲಿ ಯೊಮಿಯುರಿ ದಿನಪತ್ರಿಕೆಯ ಸಂಜೆ ಆವೃತ್ತಿಯಲ್ಲಿ ಬಂತು. ಟೋಕಿಯೋದ ಕಾಮತಾದ ರೈಲ್ವೆ ಯಾರ್ಡಿನಲ್ಲಿ ಒಂದು ಹೆಣ. ಸತ್ತವನು ಹಿಂದಿನ ರಾತ್ರಿ ಒಂದು ಬಾರಿನಲ್ಲಿ ಯಾರದೋ ಜತೆ ಮಾತಾಡುತ್ತಿದ್ದ. ಕೇಳಿದವರಿಗೆ ನೆನಪಿರುವುದು 'ಕಾಮೆದಾ' ಅನ್ನುವ ಒಂದು ಶಬ್ದ ಮತ್ತು ಈಶಾನ್ಯ ಜಪಾನಿನವರ ಥರದ ಉಚ್ಚಾರ. ಪತ್ತೇದಾರ ಇಮಾನಿಶಿ ಈಶಾನ್ಯದ ಕಾಮೆದಾ ಊರಿಗೆ ಹೋಗಿ ಏನೂ ಸಿಗದೆ ಬರುತ್ತಾನೆ. ಆಮೇಲೆ ಭಾಷಾ ತಜ್ಞರಿಂದ ಗೊತ್ತಾಗುತ್ತದೆ: ಅದೇ ಥರದ ಉಚ್ಚಾರ ದೇಶದ ಇನ್ನೊಂದು ಕಡೆ, ಪಶ್ಚಿಮದ ಇಜುಮೊ ಸೀಮೆಯಲ್ಲೂ ಇದೆ. ನಕ್ಷೆ ತೆಗೆದು ಹುಡುಕಿದರೆ ಅಲ್ಲಿ 'ಕಾಮೆದಾಕೆ' ಅನ್ನುವ ಊರಿದೆ.

ಕಥೆಯ ಬೇರು ಕುಷ್ಠರೋಗಿಗಳನ್ನು ಸಮಾಜ ನಡೆಸಿಕೊಂಡ ರೀತಿಯಲ್ಲಿದೆ. ಯೊಶಿತಾರೊ ನೊಮುರ ನಿರ್ದೇಶನದ 1974ರ ಸಿನಿಮಾ, ಊರಿಂದ ಊರಿಗೆ ಭಿಕ್ಷೆ ಬೇಡುತ್ತಾ ಹೋಗುವ ತಂದೆ ಮಗನ ಪಯಣವನ್ನು ಸಂಗೀತದ ಜತೆ ಉದ್ದಕ್ಕೂ ತೋರಿಸುತ್ತದೆ. ಪುಸ್ತಕದಲ್ಲಿ ಅದಕ್ಕೆ ಸಿಕ್ಕಿರುವ ಜಾಗ ಬಹಳ ಕಡಿಮೆ. ರೋಗಿಗಳ ಸಂಘಟನೆ ಸಿನಿಮಾದ ಬಗ್ಗೆ ಆಕ್ಷೇಪ ಎತ್ತಿತ್ತು. ಮಾತುಕತೆಯ ನಂತರ, ಈ ರೋಗ ಈಗ ವಾಸಿಯಾಗುತ್ತದೆ ಅನ್ನುವ ಬರಹವನ್ನು ಕೊನೆಯಲ್ಲಿ ಸೇರಿಸಿದರು. ರೋಗಿಗಳನ್ನು ಬೇರೆ ಇಡುವ ಕಾನೂನು ಜಪಾನಿನಲ್ಲಿ ರದ್ದಾದದ್ದು 1996ರಲ್ಲಿ.

ಅವರು ನಿಜ ಘಟನೆಗಳ ಬಗ್ಗೆಯೂ ಬರೆದಿದ್ದಾರಾ?

ಬರೆದಿದ್ದಾರೆ, ಬಹಳ ಗಂಭೀರವಾಗಿ. 1948ರ ಜನವರಿಯಲ್ಲಿ ಟೋಕಿಯೋದ ತೆಯ್ಕೊಕು ಬ್ಯಾಂಕಿನ ಒಂದು ಶಾಖೆಗೆ ಬಂದವನೊಬ್ಬ ಔಷಧ ಅಂತ ಹೇಳಿ ವಿಷ ಕುಡಿಸಿದ. 12 ಜನ ಸತ್ತರು. ಚಿತ್ರಕಾರ ಹಿರಸಾವ ಸದಮಿಚಿಗೆ ಮರಣದಂಡನೆಯ ತೀರ್ಪು ಬಂತು. ಇವನೇ ಮಾಡಿದ್ದು ಅನ್ನುವುದನ್ನು ಮಾತ್ಸುಮೊತೊ ನಂಬಲಿಲ್ಲ. ಮೊದಲು ಅದನ್ನು ಕಾದಂಬರಿ ಮಾಡಿದರು. ಆದರೆ ಕಲ್ಪನೆ ಸೇರಿಸಿದರೆ ಓದುಗರಿಗೆ ಯಾವುದು ನಿಜ ಅಂತ ತಿಳಿಯುವುದಿಲ್ಲ ಅನಿಸಿ, 1960ರಲ್ಲಿ 'ನಿಹೊನ್ ನೊ ಕುರೊಯಿ ಕಿರಿ' ಲೇಖನಮಾಲೆಯಲ್ಲಿ ನೇರವಾಗಿ ಬರೆದರು. 1949ರಲ್ಲಿ ರಾಷ್ಟ್ರೀಯ ರೈಲ್ವೆಯ ಅಧ್ಯಕ್ಷ ಶಿಮೊಯಾಮ ಹಳಿಯ ಮೇಲೆ ಹೆಣವಾಗಿ ಸಿಕ್ಕಿದ್ದು, ಅದೇ ವರ್ಷ ಮಾತ್ಸುಕಾವದಲ್ಲಿ ರೈಲು ಉರುಳಿದ್ದು, ಎಲ್ಲವೂ ಅದರಲ್ಲಿದೆ. ಯುದ್ಧದ ನಂತರ ಜಪಾನನ್ನು ಹಿಡಿತದಲ್ಲಿಟ್ಟುಕೊಂಡಿದ್ದ ಅಮೆರಿಕದ ಆಡಳಿತದ ಕೈವಾಡ ಇದರ ಹಿಂದಿತ್ತು ಅನ್ನುವುದು ಅವರ ವಾದ. ಲೇಖಕ ಓಓಕ ಶೋಹೆಯ್, ಎಲ್ಲವನ್ನೂ ಒಂದೇ ಸಂಚಿಗೆ ಜೋಡಿಸುತ್ತಾರೆ ಅಂತ ಟೀಕಿಸಿದರು. ಆ ಟೀಕೆಯಲ್ಲಿ ಹುರುಳಿದೆ. ಆದರೆ ಮಾತ್ಸುಕಾವ ಪ್ರಕರಣದಲ್ಲಿ ಸಿಕ್ಕಿಬಿದ್ದಿದ್ದ 20 ಜನರೂ 1963ರ ಹೊತ್ತಿಗೆ ಖುಲಾಸೆಯಾದರು ಅನ್ನುವುದೂ ನೆನಪಿರಲಿ. ಹಿರಸಾವ ಮಾತ್ರ ಗಲ್ಲಿಗೂ ಏರದೆ, ಬಿಡುಗಡೆಯೂ ಆಗದೆ 1987ರಲ್ಲಿ 95ನೇ ವಯಸ್ಸಿನಲ್ಲಿ ಬಂಧನದಲ್ಲೇ ತೀರಿಕೊಂಡರು.

ಅವರ ಕಥೆಗಳಲ್ಲಿ ಹೆಂಗಸರು ಹೇಗಿದ್ದಾರೆ?

'ಜೀರೋ ನೊ ಶೋತೆನ್' ನೋಡಿ. ಮದುವೆಯಾಗಿ ಕೆಲವೇ ದಿನಕ್ಕೆ ತೆಯ್ಕೊಳ ಗಂಡ ಕಾನಾಜಾವ ಕಡೆ ಹೋಗಿ ಕಾಣೆಯಾಗುತ್ತಾನೆ. ಅವಳು ಹುಡುಕಿಕೊಂಡು ಹಿಮದ ಊರಿಗೆ ಹೋಗುತ್ತಾಳೆ. ತಾನು ಮದುವೆಯಾದವನ ಬಗ್ಗೆ ತನಗೆ ಏನೇನೂ ಗೊತ್ತಿಲ್ಲ ಅನ್ನುವುದು ಅಲ್ಲಿ ಗೊತ್ತಾಗುತ್ತದೆ. ಸೋತ ದೇಶದಲ್ಲಿ ಹೊಟ್ಟೆಪಾಡಿಗೆ ಬೀದಿಗೆ ಬಂದಿದ್ದ ಹೆಂಗಸರ ಸಂಕಟ ಇದರ ಒಳಗಿದೆ, ಅವರನ್ನು ಕೀಳಾಗಿ ನೋಡುವ ಒಂದು ಸಾಲೂ ಇಲ್ಲ. 'ಕುರೊಕಾವ ನೊ ತೆಚೋ' ಇನ್ನೊಂದು ಬಗೆ. ಬ್ಯಾಂಕಿನಲ್ಲಿ ಯಾರ ಕಣ್ಣಿಗೂ ಬೀಳದೆ ದುಡಿದ ಮೊತೊಕೊ, ಸಿರಿವಂತರ ಬೇನಾಮಿ ಖಾತೆಗಳ ವಿವರ ಬರೆದಿಟ್ಟುಕೊಂಡು ಬ್ಯಾಂಕನ್ನೇ ಬೆದರಿಸಿ ಟೋಕಿಯೋದ ಗಿಂಜಾದಲ್ಲಿ ಕ್ಲಬ್ ತೆರೆಯುತ್ತಾಳೆ. ಟಿವಿಯಲ್ಲಿ ಇದು ಮತ್ತೆ ಮತ್ತೆ ಧಾರಾವಾಹಿಯಾಗಿದೆ.

ವಿಮರ್ಶಕರು ಒಪ್ಪಿಕೊಂಡರಾ?

ಎಲ್ಲರೂ ಅಲ್ಲ. ಒಂದು ದೊಡ್ಡ ಸಾಹಿತ್ಯ ಮಾಲೆಯಲ್ಲಿ ಅವರನ್ನು ಸೇರಿಸುವುದಕ್ಕೆ ಲೇಖಕ ಯುಕಿಯೊ ಮಿಶಿಮ ಬಲವಾಗಿ ಅಡ್ಡ ನಿಂತರು. ಕೊನೆಗೂ ಸೇರಿಸಲಿಲ್ಲ. ಓದುಗರು ಮಾತ್ರ ಅವರನ್ನು ಎಂದೂ ಬಿಡಲಿಲ್ಲ.

ಪ್ರಾಚೀನ ಇತಿಹಾಸದ ಗೀಳು ಇತ್ತಂತೆ?

ಇತ್ತು. ಯಾಮತಾಯ್ ಅನ್ನುವ ಹಳೆಯ ರಾಜ್ಯ ಎಲ್ಲಿತ್ತು ಅನ್ನುವ ಚರ್ಚೆಯಲ್ಲಿ ಪಂಡಿತರ ಸಮಕ್ಕೆ ಕೂತು ವಾದ ಮಾಡಿದರು. ಇರಾನಿಗೂ ಹೋಗಿ ಬಂದು 'ಹಿ ನೊ ಕಾಯ್ರೊ' ಕಾದಂಬರಿ ಬರೆದರು.

ಜಪಾನಿ ಬರದವರು ಎಲ್ಲಿಂದ ಶುರು ಮಾಡಬೇಕು?

ಇಂಗ್ಲಿಷ್ ಅನುವಾದಗಳು ಸಿಗುತ್ತವೆ. 'ತೆನ್ ತೊ ಸೆನ್' 1970ರಲ್ಲೇ ಇಂಗ್ಲಿಷಿಗೆ ಬಂದಿತ್ತು. 2022ರ ಹೊಸ ಅನುವಾದದ ಹೆಸರು 'ಟೋಕಿಯೋ ಎಕ್ಸ್‌ಪ್ರೆಸ್'. ಸಣ್ಣ ಪುಸ್ತಕ, ಎರಡು ಸಂಜೆ ಸಾಕು. ಆಮೇಲೆ 'ಇನ್‌ಸ್ಪೆಕ್ಟರ್ ಇಮಾನಿಶಿ ಇನ್‌ವೆಸ್ಟಿಗೇಟ್ಸ್', ಅದೇ 'ಸುನ ನೊ ಉತ್ಸುವ'. ಅದರಲ್ಲಿ ಹೆಸರುಗಳು ಜಾಸ್ತಿ, ಒಂದು ಕಾಗದದಲ್ಲಿ ಬರೆದುಕೊಂಡು ಓದಿ. ಮೂರನೆಯದಾಗಿ 'ಎ ಕ್ವಯಟ್ ಪ್ಲೇಸ್'. ಹೆಂಡತಿಯ ಸಾವಿನ ಸುದ್ದಿ ಕೇಳಿದ ಸರ್ಕಾರಿ ನೌಕರನೊಬ್ಬನ ಕಥೆ. ಇಂದಿನ ಜಪಾನಿ ಪತ್ತೇದಾರಿ ಲೇಖಕ ಕೀಗೊ ಹಿಗಾಶಿನೊ ಅವರನ್ನು ಓದಿ ಬಂದವರಿಗೆ ಇವರು ನಿಧಾನ ಅನಿಸಬಹುದು. ಮೊದಲ ಐವತ್ತು ಪುಟ ತಾಳ್ಮೆ ಇಟ್ಟುಕೊಳ್ಳಿ.

ಸಿನಿಮಾದಿಂದ ಶುರು ಮಾಡುವವರು ನೊಮುರ ಅವರದ್ದೇ 1958ರ 'ಹರಿಕೊಮಿ' ನೋಡಿ. ಸುಡು ಬೇಸಿಗೆಯಲ್ಲಿ ಇಬ್ಬರು ಪೊಲೀಸರು ವಸತಿಗೃಹದ ಕಿಟಕಿಯಿಂದ ಎದುರು ಮನೆಯ ಗೃಹಿಣಿಯನ್ನು ಕಾಯುತ್ತಾರೆ. ಆರೋಪಿ ಅವಳ ಹಳೆಯ ಪ್ರಿಯಕರ.

ಕೊನೆಯ ದಿನಗಳು ಹೇಗಿದ್ದವು?

ಬರೆಯುತ್ತಲೇ ಇದ್ದರು. 1992ರ ಏಪ್ರಿಲ್‌ನಲ್ಲಿ ಮೆದುಳಿನ ರಕ್ತಸ್ರಾವವಾಗಿ ಆಸ್ಪತ್ರೆ ಸೇರಿದರು. ಆಗಸ್ಟ್‌ನಲ್ಲಿ ಯಕೃತ್ತಿನ ಕ್ಯಾನ್ಸರಿನಿಂದ ತೀರಿಕೊಂಡರು. ವಾರಪತ್ರಿಕೆಯಲ್ಲಿ ಬರುತ್ತಿದ್ದ 'ಕಾಮಿಗಾಮಿ ನೊ ರಾನ್ಶಿನ್' ಕಾದಂಬರಿ ಅರ್ಧಕ್ಕೇ ನಿಂತಿತು.

ಕೊಕುರದಲ್ಲಿರುವ ಅವರ ಹೆಸರಿನ ಸಂಗ್ರಹಾಲಯ ನೋಡುವಂತಿದೆಯಾ?

ಜಪಾನಿಗೆ ಹೋಗುವವರು ಕ್ಯೂಷೂ ಕಡೆ ಹೋದರೆ ಬಿಡಬೇಡಿ. 1998ರ ಆಗಸ್ಟ್ 4ರಂದು, ಅವರು ತೀರಿಕೊಂಡ ತಾರೀಖಿನಂದೇ, ಕೊಕುರ ಕೋಟೆಯ ಪಕ್ಕದಲ್ಲಿ ತೆರೆದರು. ಟೋಕಿಯೋದ ಹಮದಯಾಮದಲ್ಲಿದ್ದ ಮನೆಯ ಬರೆಯುವ ಕೋಣೆ, ಸುಮಾರು 30,000 ಪುಸ್ತಕಗಳ ಗ್ರಂಥಾಲಯ ಎಲ್ಲವನ್ನೂ ಇದ್ದ ಹಾಗೇ ಒಳಗೆ ಮತ್ತೆ ಕಟ್ಟಿದ್ದಾರೆ.

ಅವರ ಹೆಸರಿನ ಪ್ರಶಸ್ತಿ ಯಾರಿಗೆ ಸಿಗುತ್ತದೆ?

ಅಚ್ಚಾಗದ ದೊಡ್ಡ ಕಥೆಗೆ, ಅಂದರೆ ಹೆಚ್ಚಾಗಿ ಹೊಸ ಲೇಖಕರಿಗೆ. 1994ರಿಂದ ಕೊಡುತ್ತಿದ್ದಾರೆ. 1998ರಲ್ಲಿ ಗೆದ್ದವರು ಹಿದೆಯೊ ಯೊಕೊಯಾಮ. ಅವರೂ ಮೊದಲು ಪತ್ರಿಕೆಯಲ್ಲಿ ದುಡಿದವರು, ಮುಂದೆ 'ಸಿಕ್ಸ್ ಫೋರ್' ಕಾದಂಬರಿಯಿಂದ ಹೊರದೇಶಗಳಲ್ಲೂ ಹೆಸರಾದರು. ಅವರು ಗೆದ್ದ ಕಥೆಯ ನಾಯಕ ಕೊಲೆಗಾರನ ಹಿಂದೆ ಓಡುವವನಲ್ಲ. ಪೊಲೀಸ್ ಇಲಾಖೆಯಲ್ಲಿ ಕೂತು ಯಾರನ್ನು ಎಲ್ಲಿಗೆ ವರ್ಗ ಮಾಡಬೇಕು ಅಂತ ಪಟ್ಟಿ ಬರೆಯುವ ಅಧಿಕಾರಿ.